ಹಸಿರಿಗೆ ತಿರುಗಿದ ಕಂದೀಲು

ಸಂಜೆ ಮಳೆ ಹಿಡಿದುಕೊಂಡು ಕರೆಂಟು ಹೋದಾಗ ಹೊಲಿಗೆ ಅಂಗಡಿಯ ಮಷಿನುಗಳೆಲ್ಲ ಒಟ್ಟಿಗೆ ಸುಮ್ಮನಾದವು. ಅದೇ ಹೊತ್ತಿಗೆ ಬಾಗಿಲ ಮುಂದೆ ನಮ್ಮ ಬೀದಿಯ ದೊಡ್ಡಮ್ಮ ತೊಯ್ದು ತೊಪ್ಪೆಯಾಗಿ ಹೋಗುತ್ತಿದ್ದರು. ಕೊಡೆ ಇಲ್ಲ, ಕಾಲಲ್ಲಿ ಚಪ್ಪಲಿಯೂ ಇಲ್ಲ. ಕೈ ಹಿಡಿದು ಒಳಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿದೆವು. ಏನಾಯಿತೆಂದು ಕೇಳುವ ಮೊದಲೇ ಅವರೇ ಶುರು ಮಾಡಿದರು.

"ನನ್ನ ತಂಗಿ ಗಂಡ, ಡ್ರಾಯಿಂಗ್ ಮೇಷ್ಟ್ರು ಇದ್ರಲ್ಲ, ರಿಟೈರ್ ಆದ್ಮೇಲೆ ಕೈ ಸುಮ್ಮನಿರದೆ ಗುಜರಿಯಿಂದ ಒಂದು ಹಳೇ ರೈಲ್ವೆ ಕಂದೀಲು ತಂದ್ರು. ತುಕ್ಕು ಅಂದ್ರೆ ತುಕ್ಕು... 'ಮನೇಲಿ ತುಕ್ಕು ಹಿಡಿದಿರೋರು ನೀವೊಬ್ಬರು ಸಾಲದಾ?' ಅಂದ್ಲು ನನ್ನ ತಂಗಿ. ಪುಣ್ಯಾತ್ಮ ನಕ್ಕೊಂಡು ಅಡುಗೆಮನೆ ಮೇಜಿನ ಮೇಲೆ ಪೇಪರ್ ಹಾಸಿ ಕೂತ್ರು. ಸೀಮೆಎಣ್ಣೇಲಿ ನೆನೆಸೋದು, ತಂತಿ ಬ್ರಷ್‌ನಲ್ಲಿ ಉಜ್ಜೋದು, ಉಪ್ಪುಕಾಗದದಲ್ಲಿ ತಿಕ್ಕೋದು... ಹಿಡಿ ಮಾತ್ರ ಯಾವಾಗ ಮುಟ್ಟಿದ್ರೂ ಬೆಚ್ಚಗಿರ್ತಿತ್ತಂತೆ, ಯಾರೋ ಈಗಷ್ಟೇ ಹಿಡಿದು ಬಿಟ್ಟ ಹಾಗೆ.

ಒಳಗೆ ಕೆಂಪು, ಹಸಿರು ಎರಡು ಗಾಜು. ಮೇಲಿನ ಬಳೆ ತಿರುಗಿಸಿದ್ರೆ ಬಣ್ಣ ಬದಲಾಗಬೇಕು. ಅದು ಕೆಂಪಿನ ಮೇಲೇ ಕಚ್ಚಿಕೊಂಡಿತ್ತು. ಹಾಗೇ ಹಚ್ಚಿ ಬಾಗಿಲಲ್ಲಿ ತೂಗುಹಾಕಿದ್ರು. ತಂಗಿ ಅಂಗಡಿಗೆ ಹೊರಟವಳು ಇನ್ನೇನು ಹೊಸ್ತಿಲು ದಾಟಬೇಕು... ಗಾಳಿ ಒಂದಿಷ್ಟೂ ಇಲ್ಲ, ಕಂದೀಲು ಅಡ್ಡಡ್ಡ ಓಲಾಡ್ತು. ಇವಳು ನಿಂತಳು. ಮೇಲಿನ ಸಜ್ಜಾ ದೊಪ್ಪಂತ ಮೆಟ್ಟಿಲ ಮೇಲೆ ಬಿತ್ತು! ಇನ್ನೊಂದು ಹೆಜ್ಜೆ ಇಟ್ಟಿದ್ರೆ?

'ಇದನ್ನ ಹೀಗೇ ಇರೋಕೆ ಬಿಡ್ರೀ' ಅಂತ ಅಂಗಲಾಚಿದಳು. ಮೇಷ್ಟ್ರಿಗೋ, ಅರ್ಧಕ್ಕೆ ನಿಂತ ಕೆಲಸ ಅಂದ್ರೆ ಗಂಟಲಲ್ಲಿ ಮುಳ್ಳು. ಒಂದು ಮಧ್ಯಾಹ್ನ ಅವಳು ಮಲಗಿದ್ದಾಗ ಇಕ್ಕಳ ಹಾಕಿ ಬಳೆ ಬಿಡಿಸೇಬಿಟ್ರು. ಟಕ್ ಅಂತ ಹಸಿರಿಗೆ ತಿರುಗ್ತು. ಹಚ್ಚಿ, 'ಬಾರೇ ಇಲ್ಲಿ, ನೋಡು!' ಅಂತ ಕೂಗಿದ್ರು. ಅವಳು ಎದ್ದು ಬಂದಳು, ಹಸಿರು ಬೆಳಕು ನೋಡಿದಳು... ಹಾಗೇ ನಡೆದಳು. ಗಂಡನ್ನ ದಾಟಿ, ಬಾಗಿಲು ದಾಟಿ, ಬರಿಗಾಲಲ್ಲಿ. ಹುಲ್ಲು ಬೆಳೆದ ಹಳೇ ಹಳಿ ಇದೆಯಲ್ಲ, ಅದರ ಮೇಲೆ. ಅವಳು ನಡೀತಾನೇ ಇದ್ದಳು, ಇವರು ಎದ್ದೂಬಿದ್ದು ಓಡಿದ್ರು. ಆದ್ರೂ ಕೈಗೆ ಸಿಗಲಿಲ್ಲ ಅಂದ್ರೆ ಏನು ಹೇಳ್ತೀರಿ?

ಮನೆಗೆ ಬಂದು ಬಳೆಯನ್ನ ಕೆಂಪಿಗೆ ತಿರುಗಿಸಿದ್ರು. ಹಿಡಿದಿದ್ರೆ ಕೆಂಪು, ಕೈ ಬಿಟ್ರೆ ಹಸಿರು. ಹಿಡಕೊಂಡೇ ಕೂತ್ರು. ಊಟ ಒಂದು ಕೈಲಿ, ನಿದ್ದೆ ಕೂತಲ್ಲೇ. 'ಅತ್ತಿಗೆ, ಎಲ್ಲೇ ಇದ್ರೂ ಅಲ್ಲೇ ನಿಂತಿರ್ತಾಳೆ' ಅಂತಿದ್ರು. ಹುಚ್ಚು ಅಂದ್ಕೊಂಡೆ. ಆದ್ರೆ ಹಳಿ ದಾಟೋ ಜನಾನೂ ಹೇಳ್ತಿದ್ರು... ದೂರದಲ್ಲಿ ಒಬ್ಬಳು ಹೆಂಗಸು ಒಂದು ಕಾಲು ಮುಂದಿಟ್ಟು ಹಾಗೇ ನಿಂತಿರ್ತಾಳೆ, ಹತ್ತಿರ ಹೋದ್ರೆ ಯಾರೂ ಇಲ್ಲ ಅಂತ.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡ್ರು. ಅವರ ಬೆರಳು ಬಿಡಿಸಿ ಕಂದೀಲು ನಾನೇ ತಗೊಂಡೆ. ಒಡಹುಟ್ಟಿದವಳು, ಬಿಡೋಕಾಗುತ್ತಾ? ಹಿಡಕೊಂಡೆ, ಹಿಡಕೊಂಡೆ... ಮುದಿ ಬೆರಳು, ಇವತ್ತು ಜಾರಿಬಿಡ್ತು."

ದೊಡ್ಡಮ್ಮ ಒದ್ದೆ ಸೆರಗು ಹಿಂಡಿಕೊಂಡರು.

"ಈ ಮಳೇಲಿ ನಾನು ಬೇಕು ಅಂತ ಹೊರಟೆ ಅಂದ್ಕೊಂಡ್ರಾ? ನೀವು ಕೈ ಹಿಡಿದು ಕೂರಿಸಿದ್ರಿ, ಕೂತಿದ್ದೀನಿ, ನಿಜ... ಆದ್ರೆ ಸ್ವಲ್ಪ ನನ್ನ ಕಾಲು ನೋಡ್ರಮ್ಮ. ನಡೆಯೋದು ನಿಂತಿದೆಯಾ?"