ಜವರಯ್ಯನ ಹೆಸರಿನಲ್ಲಿ ಊದಿದವನು

ಹೆಸರು ಮಹದೇವಮ್ಮ, ಗಂಡ ಜವರಯ್ಯ, ವಯಸ್ಸು 44 ವರ್ಷ, ಕಸುಬು ತೆಂಗಿನ ನಾರಿನ ಕಾರ್ಖಾನೆಯಲ್ಲಿ ಕೂಲಿ, ವಾಸ ಬಾಣಾವರ, ಅರಸೀಕೆರೆ ತಾಲ್ಲೂಕು. ಈ ದಿನ ಠಾಣೆಗೆ ಹಾಜರಾಗಿ ಈ ಮೂಲಕ ಹೇಳಿ ಬರೆಸುವುದೇನೆಂದರೆ,

ನಾನು ಕಾರ್ಖಾನೆಯ ಅಂಗಳದಲ್ಲಿ ನಾರು ಒಣಗಿಸುತ್ತೇನೆ. ನನ್ನ ಗಂಡ ಒಳಗೆ ಸಿಪ್ಪೆ ಬಡಿಯುವ ಯಂತ್ರದ ಬಳಿ ಇರುತ್ತಾರೆ. ಅಲ್ಲಿನ ದೂಳಿಗೆ ಎದುರಿಗಿದ್ದವರ ಮುಖ ಕಾಣುವುದಿಲ್ಲ. ಎರಡು ವರ್ಷದಿಂದ ಅವರಿಗೆ ಉಬ್ಬಸ ಇದೆ.

ದಿನಾಂಕ 9-6-2003ರಂದು ಬೆಳಿಗ್ಗೆ 10 ಗಂಟೆಗೆ ಕೂಲಿಯವರ ಉಸಿರಿನ ಶಕ್ತಿ ಅಳೆಯಲು ಆಸ್ಪತ್ರೆಯವರು ಕಾರ್ಖಾನೆಗೆ ಬಂದರು. ಮೂಗಿಗೆ ಕ್ಲಿಪ್ ಹಾಕಿಕೊಂಡು, ರಟ್ಟಿನ ಕೊಳವೆ ಬಾಯಿಗಿಟ್ಟು, ಉಸಿರು ಮುಗಿಯುವವರೆಗೂ ಊದಬೇಕೆಂದು ನರ್ಸ್ ಇಂದು ಎಂಬುವರು ತಿಳಿಸಿದರು. ಉಸಿರು ಸಾಲದವರನ್ನು ಯಂತ್ರದಿಂದ ಬಿಡಿಸಿ ಅಂಗಳದ ಕೆಲಸಕ್ಕೆ ಹಾಕುವರೆಂದೂ ಹೇಳಿದರು. ನನಗೆ ಬಹಳ ಸಮಾಧಾನವಾಯಿತು.

ಜವರಯ್ಯ ಎಂದು ಕೂಗಿದಾಗ ಹೋಗಿ ಕುಳಿತವನು ನಮ್ಮೂರಿನ ವಾಲಗದ ರಾಮಣ್ಣ. ನನ್ನ ಗಂಡ ಅಲ್ಲೆಲ್ಲೂ ಕಾಣಲಿಲ್ಲ. ಮದುವೆ ಮನೆಗಳಲ್ಲಿ ಊದಿ ಊದಿ ಪಳಗಿದವನು. ಅವನು ಊದುತ್ತಲೇ ಇದ್ದ. ಇನ್ನೂ ಇನ್ನೂ ಎನ್ನುತ್ತಿದ್ದ ನರ್ಸಮ್ಮನೇ ಕೊನೆಗೆ ಸಾಕು ಎಂದರು. ಅವನು ನನ್ನ ಗಂಡನಲ್ಲವೆಂದು ನಾನು ಸಾಲಿನಿಂದ ಕೂಗಿದೆ. ಮೇಸ್ತ್ರಿ ಜಯದೇವಪ್ಪನವರು ಆ ಕಡೆ ತಿರುಗಿಯೂ ನೋಡದೆ, "ಗಲಾಟೆ ಮಾಡ್ಬ್ಯಾಡ, ಹೋಗಮ್ಮ" ಎಂದು ಗದರಿದರು. ಯಂತ್ರಕ್ಕೆ ಆಳು ಕಡಿಮೆಯಾಗದಿರಲೆಂದು ಮಾಲೀಕರೇ ನಡೆಸಿದ ಕೈವಾಡವಿದು ಎಂದು ನನಗೆ ಅನುಮಾನ ಬಂತು.

ಸಂಜೆ ಗಂಡನನ್ನು ವಿಚಾರಿಸಿದೆ. ತಾನೇ ಊದಿದ್ದಾಗಿ ಹೇಳಿದರು. ಊದುಗೊಳವೆ ಕೈಗೆ ಕೊಟ್ಟು, ಹಾಗಾದರೆ ಈ ಒಲೆ ಊದಿ ಎಂದೆ. ಬೂದಿ ಸಹ ಅಲುಗಲಿಲ್ಲ. ಕೆಮ್ಮು ನಿಂತ ಮೇಲೆ, "ಬಾಯ್ಮುಚ್ಕೊಂಡಿರು ಕಣೇ" ಎಂದಷ್ಟೇ ಹೇಳಿದರು. ಮಾಲೀಕರು ಹೆದರಿಸಿದ್ದಾರೆಂದೇ ನಾನು ತಿಳಿದೆ.

ದಿನಾಂಕ 12ರಂದು ಮಧ್ಯಾಹ್ನ 3 ಗಂಟೆಗೆ ಅವರು ಯಂತ್ರದ ಬಳಿ ಕುಸಿದುಬಿದ್ದರು. ಅರಸೀಕೆರೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಮಲಗಿಸಿದ್ದಾರೆ. ಮಾಲೀಕರ ಮೇಲೆ ದೂರು ಕೊಡಲು ನಾನು ಇಲ್ಲಿಗೆ ಬಂದೆ.

ಪೊಲೀಸರು ರಾಮಣ್ಣನನ್ನು ಕರೆಸಿದರು. ತನಗೆ ಮಾಲೀಕರಾಗಲಿ ಮೇಸ್ತ್ರಿಯಾಗಲಿ ಏನೂ ಹೇಳಿಲ್ಲವೆಂದೂ, ಜವರಯ್ಯನೇ ಕೈ ಹಿಡಿದು ಬೇಡಿಕೊಂಡನೆಂದೂ ಅವನು ಅಳುತ್ತಾ ಹೇಳಿದ. ಏಕೆಂದು ನಾನೇ ಕೇಳಿದೆ. "ಹೆಂಗಸ್ರ ಪಕ್ಕ ಕೂತ್ಕಂಡು ನಾರು ಒಣಗ್ಸೋದು ನನ್ ಕೈಲಾಗಕಿಲ್ಲ ಕಣ್ಲಾ ಅಂದ, ಅಕ್ಕಾ" ಎಂದ.

ಹೆಂಗಸರು ಎಂದರೆ ಬೇರೆ ಯಾರು? ಅಲ್ಲಿ ಕೂರುವವಳು ನಾನು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಾಲೀಕರ ಮೇಲಿನ ದೂರು ಬಿಟ್ಟು ಗಂಡನ ಮೇಲೆಯೇ ಬರೆದುಕೊಳ್ಳಿ ಎಂದು ಸಬ್ ಇನ್‌ಸ್ಪೆಕ್ಟರ್ ಸಾಹೇಬರನ್ನು ಕೇಳಿದೆ. ಹೆಂಡತಿಯ ಪಕ್ಕ ಕೂರಲು ಒಪ್ಪದವನ ಮೇಲೆ ಹಾಕುವಂಥ ಕಲಂ ಯಾವುದೂ ಇಲ್ಲವೆಂದು ಅವರು ತಿಳಿಸಿದರು.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ದಿಟ.

ಸ್ಥಳ: ಬಾಣಾವರ
ದಿನಾಂಕ: 13-6-2003
(ಸಹಿ) ಮಹದೇವಮ್ಮ