ಬಾಣಲೆ ಇಟ್ಟ ಮನೆ

...ಅಯ್ಯೋ, ಬಾಗ್ಲಲ್ಲೇ ಯಾಕೆ ನಿಂತ್ಬಿಟ್ರಿ ಅತ್ತೆ? ಬನ್ನಿ, ಒಳಗ್ ಬನ್ನಿ.

ಹೂಂ. ಎಣ್ಣೆ ವಾಸ್ನೆನೇ. ಕರ್ಜಿಕಾಯಿ. ಮಕ್ಳು ಮಾಡ್ತಾವೆ, ನಾನು ಕರೀತೀನಿ.

ಹಂಗ್ ನೋಡ್ಬೇಡಿ. ಸ್ವಲ್ಪ ಈ ಕಡೆ ಬನ್ನಿ, ಮೆತ್ತಗೆ ಮಾತಾಡಿ. ಮಕ್ಳ ಕಿವಿಗೆ ಬೀಳೋದು ಬೇಡ... ಗೊತ್ತು ಅತ್ತೆ. ನಿಮ್ ಮಗಳು ಹೋಗಿ ವರ್ಷ ತುಂಬಿಲ್ಲ. ಸಾವಾದ ಮನೆ, ಹಬ್ಬ ಇಲ್ಲ, ಬಾಣಲೆ ಇಡೋ ಹಂಗಿಲ್ಲ. ನೆಂಟ್ರೇ ತಿಂಡಿ ತಂದ್ಕೊಡ್ಬೇಕು. ಅದಕ್ಕೇ ತಾನೆ ನೀವು ಚೌಳಹಿರಿಯೂರಿಂದ ಡಬ್ಬಿ ಹೊತ್ಕೊಂಡು ಬಂದಿರೋದು. ಓದಿಲ್ಲ ನಾನು. ಆದ್ರೂ ಇಷ್ಟೂ ತಿಳೀದೋನಲ್ಲ.

ಏಯ್ ಸ್ಕಂದ! ಒಲೆ ಹತ್ರ ಹೋಗ್ಬೇಡ ಕಣೋ! ಅಕ್ಕನ ಪಕ್ಕ ಕೂತ್ಕೋ.

ಯಾಕ್ ಇಟ್ಟೆ ಅಂದ್ರೆ... ಪಕ್ಕದ ಓಬಮ್ಮ ಬೆಳಿಗ್ಗೆಯಿಂದ ಚಕ್ಲಿ ಕರೀತಾವ್ರೆ. ಮಕ್ಳು ಕೇಳಿದ್ವು. ಅಷ್ಟೇ. ಇನ್ನೇನಿಲ್ಲ.

ಭವ್ಯನ ಫೋಟೋನಾ? ಕಟ್ಟು ಹಾಕ್ಸಕ್ಕೆ ಕೊಟ್ಟಿದೀನಿ. ಹೂಂ, ಇನ್ನೂ ಕೊಟ್ಟಿಲ್ಲ ಅವ್ನು... ಕೊಡ್ತಾನೆ ಬಿಡಿ.

ಬನ್ನಿ ನೋಡಿ ಇಲ್ಲಿ, ನಿಮ್ ಮೊಮ್ಮಗಳ ಕೆಲ್ಸಾನ. ಇದು ಆಮೆ ಅಂತೆ! ಯಾಕೆ ನಗ್ತೀರಾ? ಸುಟ್ಟಿಲ್ಲ ಅತ್ತೆ, ಕೆಂಪಗಾಗಿದೆ... ಸರಿ, ಸುಟ್ಟಿದೆ. ಅಂಚು ಒತ್ತೋದು ನನಗೆ ಬರ್ಲಿಲ್ಲ. ಬಾಯ್ ಬಿಟ್ಕೊಂಡು, ಬೆಲ್ಲ ಎಲ್ಲಾ ಎಣ್ಣೆಗಿಳೀತು. ಭವ್ಯ ಆದ್ರೆ ಉಗುರಲ್ಲೇ ನೆರಿಗೆ ಹಿಡೀತಿದ್ಲು. ಎಷ್ಟು ಸಣ್ಣಗೆ...

ಗಾನವಿ, ಅಜ್ಜಿಗೊಂದು ಕೊಡವ್ವ. ಅದನ್ನ ಕೊಡಲ್ವಾ? ಎತ್ತಿಟ್ಟಿದೀಯಾ? ಸರಿ ಸರಿ, ಇರ್ಲಿ. ಈಗ ಹೇಳ್ಬೇಡ ಯಾರಿಗೆ ಅಂತ. ಆಮೇಲೆ.

ಏನಿಲ್ಲ ಅತ್ತೆ, ಮಗು, ಏನೋ ಅಂತದೆ. ಕೂತ್ಕೊಳ್ಳಿ, ಕಾಫಿ ಇಡ್ತೀನಿ. ಬೇಡ, ಅವ್ಳನ್ನ ಕೇಳ್ಬೇಡಿ... ಅತ್ತೆ, ಬೇಡ...

ಏನಂದೆ ಪುಟ್ಟಿ?

ಅಮ್ಮ ಅಜ್ಜಿ ಜೊತೆ ಬಸ್ಸಲ್ಲಿ ಬರ್ಲಿಲ್ವಾ... ಅಂತಾ.

...ಬತ್ತಾಳೆ ಕಣವ್ವ. ಆಸ್ಪತ್ರೆಯೋರು ಬಿಡ್ಬೇಕಲ್ಲ. ಹೇಳಿ ಅತ್ತೆ, ಡಾಕ್ಟ್ರು ಏನಂದ್ರು ಹೇಳಿ.

ಹೇಳಿ ಅತ್ತೆ. ಹತ್ರ ಬನ್ನಿ, ಮಕ್ಳಿಗೆ ಕೇಳ್ಬಾರ್ದು. ಅವಳು ಹೋದಾಗ ಇವೆರಡನ್ನೂ ತರೀಕೆರೆಗೆ, ನಮ್ಮಕ್ಕನ ಮನೆಗೆ ಕಳ್ಸಿದ್ವಲ್ಲ... ವಾಪಸ್ ಬಂದು ಬಾಗ್ಲಲ್ಲೇ ಕೇಳಿದ್ವು. ಹಬ್ಬಕ್ಕೆ ಬತ್ತಾಳೆ ಅಂದೆ. ಬಾಯಿಗೆ ಬಂದಿದ್ದು ಅದೊಂದೇ. ಬೀದಿಯೋರ ಬಾಯೆಲ್ಲಾ ಕಟ್ಟಿಟ್ಟಿದೀನಿ. ಬಾಣಲೆ ಇಡ್ಲಿಲ್ಲ ಅಂದ್ರೆ ಹಬ್ಬ ಯಾಕಿಲ್ಲ ಅಂತಾವೆ. ಏನ್ ಹೇಳ್ಲಿ ನಾನು? ಒಂದ್ಮಾತು ಅತ್ತೆ. ಬತ್ತಾಳೆ ಅನ್ನಿ. ಇವತ್ತೊಂದಿನ.

ಸೆರಗು ಯಾಕೆ ಬಾಯಿಗಿಟ್ಕೊಂಡ್ರಿ...

ಅತ್ತೆ, ಮಗು ನಿಮ್ ಮುಖಾನೇ ನೋಡ್ತಾ ಇದೆ.

ಅತ್ತೆ.

ಗಾನವಿ. ಯಾಕವ್ವ ಹಿಟ್ಟು ಕೆಳಗಿಟ್ಬಿಟ್ಟೆ?

ಇರು. ಗ್ಯಾಸ್ ಆರಿಸ್ತೀನಿ.

ಬಾ ಇಲ್ಲಿ. ತಮ್ಮನ್ನೂ ಕರ್ಕೊಂಡ್ ಬಾ.