ಭಾಗ್ಯಶ್ರೀಯ ಗೋಲಿ ಏಣಿ

ಇದು ಯಾರೋ ಎಲ್ಲೋ ಕೇಳಿದ ಕತೆಯಲ್ಲ. ಲಗ್ಗೆರೆಯ ಮುನಿಯಕ್ಕನ ವಠಾರದಲ್ಲಿ ನಮ್ಮ ಗೋಡೆಗೆ ಗೋಡೆ ತಾಗಿಸಿಕೊಂಡಿದ್ದ ಈಶಪ್ಪನಿಗೆ ಆದದ್ದು. ತುಮಕೂರು ರಸ್ತೆಯ ಮೇಲ್ಸೇತುವೆಗೆ ಕಂಬಗಳು ಏಳುತ್ತಿದ್ದ ವರ್ಷ. ನಗುವವರು ಈಗಲೇ ನಕ್ಕುಬಿಡಿ... ಆಮೇಲೆ ನಗು ಬರುವುದಿಲ್ಲ.

ಈಶಪ್ಪ ಬಾಗಲಕೋಟೆ ಕಡೆಯ ಬಡಿಗ. ಪೀಣ್ಯದಲ್ಲಿ, ಹೊರ ಊರುಗಳಿಗೆ ಹೋಗುವ ಮಷಿನ್ನುಗಳಿಗೆ ಮರದ ಪೆಟ್ಟಿಗೆ ಹೊಡೆಯುವ ಶೆಡ್ಡಿನಲ್ಲಿ ಕೆಲಸ. ಆ ರಾತ್ರಿ ಓವರ್‌ಟೈಮ್ ಮುಗಿಸಿ ಹೊರಟಾಗ ಹತ್ತೂವರೆ. ಕರೆಂಟಿಲ್ಲ. ಹತ್ತಿರವಾಗುತ್ತದೆಂದು ಹಳೇ ಬಾವಿಯ ದಾರಿ ಹಿಡಿದ. ಕಟ್ಟಡದ ಕಸ ಸುರಿದು ಸುರಿದು ಅರ್ಧ ತುಂಬಿದ್ದ ಬಾವಿ ಅದು. ದಂಡೆಯ ಹುಣಸೆಮರವನ್ನು ರಸ್ತೆಗೆಂದು ಆ ವಾರವಷ್ಟೇ ಕಡಿದಿದ್ದರು. ಕೊಂಬೆ ರೆಂಬೆಯನ್ನೆಲ್ಲ ಜನ ಒಲೆಗೆ ಹೊತ್ತೊಯ್ದಿದ್ದರು. ನೆಲದಲ್ಲಿ ಬೊಡ್ಡೆ ಉಳಿದಿತ್ತು. ಪಕ್ಕದಲ್ಲಿ ಕಾಂಡದ ಒಂದೇ ಒಂದು ಸೀಳು ಬಿದ್ದಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಈಶಪ್ಪ ಬೆರಳ ಗೆಣ್ಣಿನಿಂದ ಸೀಳನ್ನು ಬಡಿದು ನೋಡಿದ. ಟಣ್... ಮರ ಅಂದರೆ ಇದು ಅಂದುಕೊಂಡ. ಬಾವಿಯೊಳಗಿನಿಂದ ಇನ್ನೊಂದು ಸಲ... ಟಣ್. ಮಾರ್ದನಿ ಇರಬೇಕು. ಸೀಳನ್ನು ಹೆಗಲಿಗೇರಿಸಿಕೊಂಡು ಬೇಗ ಬೇಗ ಮನೆಗೆ ನಡೆದ.

ಅವನಿಗೆ ಆ ಮರ ಬೇಕಿದ್ದುದು ಮಗಳಿಗಾಗಿ. ಭಾಗ್ಯಶ್ರೀಗೆ ಆರು ವರ್ಷ. ಹಿಂದಿನ ವರ್ಷ ಮೆದುಳು ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಕಿವಿಯ ಹಿಂದೆಯೇ ಮಾತೂ ನಿಂತಿತ್ತು. ನರವೇ ಸತ್ತಿದೆ, ಕಿವಿಗೆ ಮಷಿನ್ ಹಾಕಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಈಶಪ್ಪ ಒಪ್ಪಲಿಲ್ಲ. ಬಿಗಿದ ಬಾಗಿಲನ್ನು ಬಡಿದರೆ ತೆರೆಯುತ್ತದೆ, ಕಿವಿ ಯಾಕೆ ತೆರೆಯಬಾರದು ಎನ್ನುವುದು ಅವನ ಬಡಿಗ ಬುದ್ಧಿ.

ಹಾಗಾಗಿ ಶೆಡ್ಡಿನಲ್ಲಿ ಉಳಿದ ತುಂಡುಗಳಿಂದ ಒಂದು ಗೋಲಿ ಏಣಿ ಮಾಡಿದ್ದ. ಎರಡು ಕಡೆ ನಿಂತ ಹಲಗೆ. ನಡುವೆ ಒಂದು ಎಡಕ್ಕೆ, ಒಂದು ಬಲಕ್ಕೆ ವಾಲಿದ, ಕಾಲುವೆಯ ಹಾಗೆ ತೋಡಿದ ಪಟ್ಟಿಗಳು. ಮೇಲಿನಿಂದ ಗೋಲಿ ಬಿಟ್ಟರೆ ಗರಗರ ಉರುಳಿ, ತುದಿಯಲ್ಲಿ ಕೆಳಗಿನ ಪಟ್ಟಿಗೆ ಬಿದ್ದು, ಮತ್ತೆ ಉರುಳಿ, ಕೊನೆಗೆ ತಗಡಿನ ಡಬ್ಬಿಗೆ ಸೇರುತ್ತಿತ್ತು. ವಠಾರದ ಮಕ್ಕಳೆಲ್ಲ ಅದಕ್ಕೆ ಮುತ್ತಿಕೊಂಡರು. ನಮಗೆ ಮಧ್ಯಾಹ್ನದ ನಿದ್ದೆ ಇಲ್ಲದಾಯಿತು. ಅವನ ಹೆಂಡತಿ ದೇವಕ್ಕ ಮಗಳನ್ನು ಬೆನ್ನು ತಿರುಗಿಸಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು, ಈಶಪ್ಪ ಹಿಂದಿನಿಂದ ಗೋಲಿ ಬಿಡುತ್ತಿದ್ದ. ದಿನಾ ಬಿಡುತ್ತಿದ್ದ. ಹುಡುಗಿ ಒಮ್ಮೆಯೂ ತಿರುಗಲಿಲ್ಲ. ಪೆಟ್ಟಿಗೆಯ ಮರ ಮೆತ್ತಗೆ, ಸದ್ದನ್ನೆಲ್ಲ ಅದೇ ನುಂಗುತ್ತದೆ ಎಂದು ಅವನು ಮರದ ಮೇಲೆ ತಪ್ಪು ಹೊರಿಸಿದ. ಪಾಪ, ಇನ್ನಾರ ಮೇಲೆ ಹೊರಿಸಬೇಕಿತ್ತು ಅವನು?

ಭಾನುವಾರ ಹುಣಸೆಯ ಸೀಳು ಕೊಯ್ಯಲು ಕೂತಾಗ ಗರಗಸದ ಹಲ್ಲಿಗೆ ಕಬ್ಬಿಣ ಸಿಕ್ಕಿತು. ಕಿರ್ರ್... ನೋಡಿದರೆ ಐದು ಮೊಳೆ. ಅಂಗಡಿಯ ಮೊಳೆಗಳಲ್ಲ, ಕುಲುಮೆಯಲ್ಲಿ ಬಡಿದು ಮಾಡಿದ ಬೆರಳುದ್ದದ ಚೌಕ ಮೊಳೆಗಳು. ಪೆಟ್ಟಿಗೆ ಹೊಡೆಯುವವರಿಗೆ ಒಂದು ಚಾಳಿ ಇರುತ್ತದೆ. ಹಳೇ ಮರದಲ್ಲಿ ಮೊಳೆ ಕಂಡರೆ ಕೈ ತಾನಾಗಿಯೇ ಕೀಳುತ್ತದೆ, ಬಡಿದು ನೆಟ್ಟಗೆ ಮಾಡಿ ಇನ್ನೆಲ್ಲೋ ಬಳಸುತ್ತದೆ. ಇದನ್ನು ಯಾರು ಹೊಡೆದರು, ಯಾಕೆ ಹೊಡೆದರು ಎಂದು ಕೇಳುವುದಿಲ್ಲ. ಈಶಪ್ಪ ಐದನ್ನೂ ಕಿತ್ತ. ಹುಣಸೆಯ ಹೊಸ ಪಟ್ಟಿಗಳನ್ನು ಏಣಿಗೆ ಕೂರಿಸಿ, ಗೋಲಿ ಬೀಳುವಾಗ ಬಡಿಯಲಿ ಎಂದು ಒಂದೊಂದು ತಿರುವಿಗೆ ಒಂದೊಂದು ಮೊಳೆ ನೆಟ್ಟ.

ಅವತ್ತು ಸಂಜೆ ದೇವಕ್ಕ ಮಗಳನ್ನು ತಿರುಗಿಸಿ ಕೂರಿಸಿಕೊಂಡಳು. ಈಶಪ್ಪ ಗೋಲಿ ಬಿಟ್ಟ. ಗರಗರ... ಟಿಣ್. ಗರಗರ... ಟಿಣ್.

ಭಾಗ್ಯಶ್ರೀ ತಿರುಗಿದಳು.

ಈಶಪ್ಪ ಅತ್ತದ್ದು ಗೋಡೆಯಾಚೆ ನಮಗೂ ಕೇಳಿಸಿ, ಏನೋ ಕೆಟ್ಟದಾಯಿತೆಂದು ಓಡಿದೆವು. ಅವನು ಹೆಸರು ಹಿಡಿದು ಕರೆದ, ಇಲ್ಲ. ತಟ್ಟೆ ಬಡಿದ, ಇಲ್ಲ. ಮೊಳೆಗೆ ಗೋಲಿ ಬಡಿದರೆ ಮಾತ್ರ ತಿರುಗುತ್ತಾಳೆ. ಅದೂ ಏಣಿಯ ಕಡೆಗಲ್ಲ... ಬಾಗಿಲ ಕಡೆಗೆ. ಆ ಖುಷಿಯಲ್ಲಿ ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಗಲಾಟೆ ಕೇಳಿ ಮನೆಯೊಡತಿ ಮುನಿಯಕ್ಕ ಬಂದಳು. ಲಗ್ಗೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ ಅವಳದು. ಮೊಳೆಗಳನ್ನು ನೋಡಿ ಹೊಸಲಲ್ಲೇ ನಿಂತಳು.

"ಇವನ್ನ ಎಲ್ಲಿಂದ ತಂದೆ?" ದನಿ ತಗ್ಗಿಸಿ ಕೇಳಿದಳು.

"ಬಾವಿ ಕಡೆ ಮರದಾಗ ಇದ್ದುವ್ರೀ, ಅಕ್ಕಾರ."

"ಕಿತ್ಬುಟ್ಯಾ... ನಮ್ಮತ್ತೆ ಕಾಲ್ದಾಗೆ ಒಂದು ಎಣ್ಣು ಮಗ ಆ ಬಾವಿಗೆ ಬಿತ್ತು. ಆಮ್ಯಾಕೆ ದಿನಾ ರಾತ್ರಿ ಮಕ್ಕಳ್ನ ಆಟಕ್ಕೆ ಕರೆಯೋದು. ಇನ್ನೂ ಇಬ್ರು ಬಾವಿ ಪಾಲಾದ್ರು. ಅದನ್ನ ಮರಕ್ಕೆ ಕಟ್ಟಾಕಿ ಜಡಿಸಿದ ಮೊಳೆ ಕಣಪ್ಪಾ ಇವು. ಆ ಬೊಡ್ಡೆಗೆ ವಾಪಸ್ ಜಡಿದ್ಬುಡು. ಇವತ್ತೇ."

"ನನ್ನ ಮಗಳಿಗೆ ಕೇಳಸ್ತೈತ್ರೀ," ಎಂದ ಈಶಪ್ಪ.

ರಾತ್ರಿ ದೀಪ ಆರಿಸಿ ಮಲಗಿದ ಮೇಲೆ... ಟಿಣ್.

ಗೋಲಿಗಳೆಲ್ಲ ಡಬ್ಬಿಯಲ್ಲಿದ್ದವು. ಡಬ್ಬಿ ಅಟ್ಟದ ಮೇಲಿತ್ತು. ಟಿಣ್... ಉರುಳುವ ಸದ್ದಿಲ್ಲ, ಬಡಿಯುವ ಸದ್ದು ಮಾತ್ರ. ಕತ್ತಲಲ್ಲಿ ಭಾಗ್ಯಶ್ರೀ ಎದ್ದು ಕೂತಳು.

"ಬಂದೆ, ತಡಿ," ಅಂದಳು.

ಒಂದು ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ದೇವಕ್ಕ ಮಗಳ ತೋಳು ಹಿಡಿದುಕೊಂಡಳು. "ಕಿತ್ತು ಹಾಕ್ರಿ," ಪಿಸುಗುಟ್ಟಿದಳು. "ಈಗಿಂದೀಗ."

"ಮಾತಾಡಿದ್ಲಲ್ಲ..."

"ಯಾರ ಕೂಡ ಮಾತಾಡಿದ್ಲು?"

ಈಶಪ್ಪ ಏಣಿಯ ಕಡೆ ಕೈ ಚಾಚಿ ಹಿಂದಕ್ಕೆಳೆದುಕೊಂಡ. "ಇನ್ನೊಂದು ದಿನ ನೋಡೂಣು," ಅಂದ.

ಅವನನ್ನು ಬೈಯುವವರು ಬೈಯಲಿ. ನನ್ನ ಮಗಳಾಗಿದ್ದರೆ ನಾನೂ ಆ ಒಂದು ದಿನವನ್ನು ಬಿಡುತ್ತಿರಲಿಲ್ಲ.

ಮರುರಾತ್ರಿ ಎಚ್ಚರವಾದಾಗ ಹಾಸಿಗೆಯಲ್ಲಿ ಹುಡುಗಿಯಿಲ್ಲ. ಬಾಗಿಲು ತೆರೆದಿತ್ತು. ಈಶಪ್ಪ ಓಡಿದ. ಭಾಗ್ಯಶ್ರೀ ಬಾವಿಯ ದಂಡೆಯ ಮೇಲೆ ಕಾಲು ಒಳಗೆ ಇಳಿಬಿಟ್ಟು ಕೂತಿದ್ದಳು. ಏನೋ ಹೇಳುವಳು... ತಲೆ ವಾರೆ ಮಾಡಿ ಕೇಳುವಳು... ನಗುವಳು. ಜ್ವರಕ್ಕೆ ಮುಂಚಿನ ಅದೇ ಚುರುಕು ಮಾತು. "ಭಾಗ್ಯಾ..." ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಆ ಕೂಗಿಗೆ ವಠಾರವೇ ಎದ್ದಿತು. ಅವಳಿಗೊಬ್ಬಳಿಗೆ ಕೇಳಲಿಲ್ಲ. ಅಪ್ಪನ ದನಿ ಹೋಗದ ಕಿವಿಗೆ ಬಾವಿಯೊಳಗಿನದು ಹೋಗುತ್ತಿತ್ತು. ಅಲ್ಲಿಗೆ ತನ್ನ ಆಸೆ ಮುಗಿಯಿತು ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡ.

ಹಿಂದಿನಿಂದ ಹೋಗಿ ಮಗಳನ್ನು ಬಾಚಿ ಎತ್ತಿಕೊಂಡ. ಆಗ ಅವನಿಗೂ ಕೇಳಿಸಿತು. ಕೆಳಗೆ ಇಟ್ಟಿಗೆ ಚೂರು ಜಾರುವ ಸದ್ದು. ಸರ್ರ್... ನಿಂತಿತು. ಮತ್ತೆ ಇನ್ನಷ್ಟು ಮೇಲೆ... ಸರ್ರ್. ಯಾರೋ ಹತ್ತುತ್ತಿದ್ದರು.

ಬೆಳಕು ಹರಿಯುವವರೆಗೂ ಕಾಯಲಿಲ್ಲ. ಮಗಳನ್ನು ದೇವಕ್ಕನ ಕೈಗೆ ಕೊಟ್ಟು, ಏಣಿಯಿಂದ ಐದೂ ಮೊಳೆ ಕಿತ್ತು, ಟಾರ್ಚ್ ಹಿಡಿದ ಮುನಿಯಕ್ಕನ ಜೊತೆ ವಾಪಸು ಹೋದ. ಬೊಡ್ಡೆಗೆ ಜಡಿಯತೊಡಗಿದ. ಧಡ್... ಧಡ್... ಇತ್ತ ಮನೆಯಲ್ಲಿ ಒಂದೊಂದು ಏಟಿಗೂ ಹುಡುಗಿ ಬೆಚ್ಚಿಬೀಳುತ್ತಿದ್ದಳು. "ಬ್ಯಾಡ ಅಪ್ಪಾ," ಅಂದಳು. ಎರಡು ಸಲ ಅಂದಳು. ನಾನು ಬಾಗಿಲಲ್ಲೇ ನಿಂತಿದ್ದೆ, ಈ ಕಿವಿಯಿಂದಲೇ ಕೇಳಿದೆ. ಕೊನೆಯ ಮೊಳೆ ಇಳಿದ ಮೇಲೆ ಅವಳ ಬಾಯಿ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಇದನ್ನು ಗಂಡನಿಗೆ ಹೇಳಬೇಡಿ ಎಂದು ದೇವಕ್ಕ ಎಲ್ಲರನ್ನೂ ಕೇಳಿಕೊಂಡಳು. ಆದರೂ ಯಾರೋ ಹೇಳಿಬಿಟ್ಟರು.

ಏಣಿಯನ್ನು ಒಲೆಗಿಟ್ಟರು. ಈಶಪ್ಪ ಆಮೇಲೆ ಯಾವ ಮಕ್ಕಳಿಗೂ ಏನೂ ಮಾಡಿಕೊಡಲಿಲ್ಲ. ಮಗಳನ್ನು ನೋಡಿದರೆ ಮುಖ ತಗ್ಗಿಸುತ್ತಿದ್ದ.

ಮುಂದಿನ ವರ್ಷ ಕಿವುಡ ಮಕ್ಕಳ ಶಾಲೆಗೆ ಸೇರಿಸಲು ಕಿವಿಯ ರಿಪೋರ್ಟ್ ಬೇಕಾಯಿತು. ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಗಾಜಿನ ರೂಮಿನಲ್ಲಿ ಹುಡುಗಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರು. ಕೇಳಿಸಿದಾಗ ಒತ್ತಬೇಕು, ಒತ್ತಿದರೆ ಈಚೆ ಸಣ್ಣ ಬಲ್ಬು ಹತ್ತುತ್ತದೆ. ಹೇಗೆ ಒತ್ತಬೇಕೆಂದು ಸನ್ನೆಯಲ್ಲಿ ತೋರಿಸಿದ್ದರು. ಅರ್ಧ ಗಂಟೆ ಬಲ್ಬು ಹತ್ತಲಿಲ್ಲ.

"ಒಂದು ಸೌಂಡಿಗೂ ಒತ್ತಿಲ್ಲ ಸಾರ್," ಎಂದರು ಪರೀಕ್ಷೆ ಮಾಡಿದ ಮೇಡಂ. "ನಾನು ಸೌಂಡ್ ಕೊಡೋದು ನಿಲ್ಲಿಸಿ ಆಯ್ತು. ಈಗ ನೋಡಿ, ಒತ್ತುತ್ತಾನೇ ಇದಾಳೆ."

ಬಲ್ಬು ಹತ್ತುತ್ತಿತ್ತು, ಆರುತ್ತಿತ್ತು. ಹುಡುಗಿ ಬಾವಿಯ ದಂಡೆಯ ಮೇಲೆ ಕೂತಿದ್ದ ಹಾಗೆಯೇ ತಲೆ ವಾರೆ ಮಾಡಿ ಕೇಳುತ್ತಿದ್ದಳು. ಈಶಪ್ಪ ಗಾಜಿಗೆ ಹಣೆಯಿಟ್ಟು ನಿಂತುಬಿಟ್ಟ. ಮೇಡಂ ಹೆಡ್‌ಫೋನಿನ ವೈರು ಕಿತ್ತರೂ ಅದು ನಿಲ್ಲಲಿಲ್ಲ. ರಿಪೋರ್ಟಿನ ಕೆಳಗೆ ಪೆನ್ನಿನಲ್ಲಿ ಬರೆದುಕೊಟ್ಟಿದ್ದಾರೆ, ಶಬ್ದ ಇಲ್ಲದಿರುವಾಗ ಒತ್ತುತ್ತಾಳೆ ಅಂತ. ಸಹಿ ಇದೆ, ತಾರೀಕು ಇದೆ. ನಾನೇ ಓದಿದ್ದೇನೆ.